ಪಾಯಿಂಟ್, ಪೈಕಾ, ಮಿಲಿಮೀಟರ್: ಪುಟದ ಅಳತೆಗೆ ಸ್ಪ್ರೆಡ್‌ಶೀಟ್ ಯಾರಾದರೂ ಮಾಡಿದ್ದೀರಾ?

ಪುಟವಿನ್ಯಾಸಿ

ಎಲ್ಲರಿಗೂ ನಮಸ್ಕಾರ. ಒಂದು ಪುಸ್ತಕಮಾಲೆಯ ಕೆಲಸ ನಡೆಯುತ್ತಿದೆ. ಮೊದಲ ಪುಸ್ತಕ ಇನ್‌ಡಿಸೈನ್‌ನಲ್ಲಿ ಆಗಿದೆ. ಡೆಮಿ 1/8, ಪ್ರೆಸ್ಸಿನವರು ಕೊಟ್ಟ ಕಟಿಂಗ್ ಅಳತೆ 5.5 × 8.5 ಇಂಚು. ಅಕ್ಷರ ತುಂಬುವ ಜಾಗದ ಅಗಲ 26 ಪೈಕಾ (12 ಪಾಯಿಂಟಿಗೆ ಒಂದು ಪೈಕಾ), ಅಕ್ಷರ 12 ಪಾಯಿಂಟ್, ಸಾಲಿನಿಂದ ಸಾಲಿಗೆ 16 ಪಾಯಿಂಟ್, ಪುಟಕ್ಕೆ 32 ಸಾಲು.

ಎರಡನೆಯ ಪುಸ್ತಕದಲ್ಲಿ ಅಡಿಟಿಪ್ಪಣಿ ಬಹಳ. ಹಾಗಾಗಿ ಅದನ್ನು ಝೀಲೇಟೆಕ್‌ನಲ್ಲಿ (ಟೆಕ್ ಅನ್ನುವ ಅಕ್ಷರಜೋಡಣೆ ಸಾಫ್ಟ್‌ವೇರ್‌ನ ಒಂದು ರೂಪ) ಮಾಡುತ್ತಿದ್ದೇನೆ. ಎರಡೂ ಪಕ್ಕಪಕ್ಕ ಇಟ್ಟರೆ ಒಂದೇ ಥರ ಕಾಣಬೇಕು ಅಂತ ಹಳೆಯ ಅಂಕಿಗಳನ್ನೇ ಹಾಕಿದೆ. ಎರಡು ಪಿಡಿಎಫ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಹೊಸದು ಚಿಕ್ಕದಾಗಿದೆ. ಅಗಲದಲ್ಲಿ ಸುಮಾರು 0.4 ಮಿ.ಮೀ., ಎತ್ತರದಲ್ಲಿ ಅದಕ್ಕಿಂತ ಜಾಸ್ತಿ. ಫಾಂಟ್ ಒಂದೇ, ಅಂಕಿಗಳೂ ಅವೇ. ವ್ಯತ್ಯಾಸ ಎಲ್ಲಿಂದ ಬಂತು?

ಇನ್ನೊಂದು ವಿಷಯ. ಪ್ರೆಸ್ಸು ಇಂಚಿನಲ್ಲಿ ಮಾತಾಡುತ್ತದೆ, ಪ್ರಕಾಶಕರು ಸೆಂಟಿಮೀಟರ್‌ನಲ್ಲಿ, ಸಾಫ್ಟ್‌ವೇರ್ ಪಾಯಿಂಟ್‌ನಲ್ಲಿ. ಪ್ರತಿ ಸಲ ಕ್ಯಾಲ್ಕುಲೇಟರ್ ಒತ್ತಿ ಸಾಕಾಗಿದೆ. ಇದಕ್ಕೆ ಸ್ಪ್ರೆಡ್‌ಶೀಟ್ ಮಾಡಿಕೊಂಡವರು ಇದ್ದರೆ ಹೇಗೆ ಮಾಡಿದಿರಿ ಹೇಳಿ.

ಬ್ಯಾಕ್‌ಸ್ಲ್ಯಾಶ್

ಫಾಂಟ್ ತಪ್ಪಲ್ಲ. ಎರಡು ಸಾಫ್ಟ್‌ವೇರ್‌ಗಳ ಪಾಯಿಂಟ್ ಬೇರೆ ಬೇರೆ, ಅಷ್ಟೇ.

ಇನ್‌ಡಿಸೈನ್‌ನಲ್ಲಿ ಒಂದು ಇಂಚಿಗೆ 72 ಪಾಯಿಂಟ್. ಟೆಕ್‌ನಲ್ಲಿ 'ಪಿಟಿ' ಅಂತ ಬರೆದರೆ ಒಂದು ಇಂಚಿಗೆ 72.27. ಟೆಕ್‌ನ ಪಾಯಿಂಟ್ ಕೂದಲೆಳೆಯಷ್ಟು ಸಣ್ಣದು. ನಿಮ್ಮ 26 ಪೈಕಾ ಅಂದರೆ 312 ಪಾಯಿಂಟ್. ಇನ್‌ಡಿಸೈನ್‌ನಲ್ಲಿ ಅದು 110.07 ಮಿ.ಮೀ., ಟೆಕ್‌ನಲ್ಲಿ 109.66 ಮಿ.ಮೀ. ಆ 0.4 ಇಲ್ಲಿಂದಲೇ ಬಂದಿದ್ದು. ಎತ್ತರಕ್ಕೂ ಇದೇ ಲೆಕ್ಕ. ಮೊದಲ ಸಾಲಿಗೆ 12, ಉಳಿದ 31 ಸಾಲಿಗೆ 16ರಂತೆ 496, ಒಟ್ಟು 508 ಪಾಯಿಂಟ್. ಅಲ್ಲಿ 179.21 ಮಿ.ಮೀ., ಇಲ್ಲಿ 178.54.

ಪರಿಹಾರ ಸುಲಭ. 'ಪಿಟಿ' ಇರುವ ಕಡೆ 'ಬಿಪಿ' ಬರೆಯಿರಿ. ಅದು ಟೆಕ್‌ನವರು 'ದೊಡ್ಡ ಪಾಯಿಂಟ್' ಅಂತ ಕರೆಯುವುದು, ಸರಿಯಾಗಿ ಇಂಚಿನ 1/72. ಆದರೆ ಅಗಲವನ್ನು ಪೈಕಾದಲ್ಲಿ ಕೊಡಬೇಡಿ. ಟೆಕ್‌ನ 'ಪಿಸಿ' ಅಂದರೆ ಅದರದೇ 12 ಪಾಯಿಂಟ್, ದೊಡ್ಡ ಪೈಕಾ ಅಂತ ಬೇರೆ ಇಲ್ಲ. 312 ಬಿಪಿ ಅಂತಲೇ ಹಾಕಿ. ಡಾಕ್ಯುಮೆಂಟ್ ಕ್ಲಾಸಿಗೆ 12 ಪಾಯಿಂಟ್ ಆಯ್ಕೆ ಕೊಟ್ಟು ಸುಮ್ಮನಾದರೂ ಸಾಲದು, ಅಕ್ಷರದ ಗಾತ್ರ, ಸಾಲಿನ ಅಂತರ, ಟಾಪ್‌ಸ್ಕಿಪ್ (ಮೇಲಿನಿಂದ ಮೊದಲ ಸಾಲಿಗೆ ಬಿಡುವ ಜಾಗ) ಮೂರನ್ನೂ ಬಿಪಿಯಲ್ಲಿ ಕೊಡಬೇಕು.

ಹುಬ್ಬಳ್ಳಿ ಡಿಟಿಪಿ

ಇನ್‌ಡಿಸೈನ್ ಕಡೆಯಿಂದಲೂ ಒಮ್ಮೆ ನೋಡಿಬಿಡ್ರಿ. ಪ್ರೆಫರೆನ್ಸಸ್‌ನಲ್ಲಿ ಯೂನಿಟ್ಸ್ ಅಂತ ಇದೆಯಲ್ಲ, ಅಲ್ಲಿ ಇಂಚಿಗೆ ಎಷ್ಟು ಪಾಯಿಂಟ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಸಾಮಾನ್ಯವಾಗಿ 72. ಯಾರಾದರೂ ಬದಲಾಯಿಸಿದ್ದರೆ ನಿಮ್ಮ ಲೆಕ್ಕವೆಲ್ಲ ತಿರುಗಾಮುರುಗಾ. ಫೋಟೋಶಾಪ್‌ನಲ್ಲೂ ಇದು ಉಂಟು, 'ಟ್ರೆಡಿಷನಲ್' ಅಂದರೆ 72.27.

ಪುಟವಿನ್ಯಾಸಿ

ಬಿಪಿ ಹಾಕಿದೆ, ಈಗ ಗೆರೆ ಗೆರೆ ಕೂಡುತ್ತಿದೆ. ಹುಬ್ಬಳ್ಳಿಯವರು ಹೇಳಿದ ಜಾಗದಲ್ಲಿ 72 ಇದೆ, ತೊಂದರೆ ಇಲ್ಲ. ಆದರೆ ಈ 72.27 ಯಾಕೆ? 72 ಅಂತ ಇಟ್ಟಿದ್ದರೆ ಏನಾಗುತ್ತಿತ್ತು?

ಹಳೇ ಕಂಪೋಸಿಟರ್

ತಮ್ಮಾ, 72.27 ಮೊದಲು ಬಂದಿದ್ದು, 72 ಆಮೇಲೆ ಬಂದಿದ್ದು.

ಸೀಸದ ಮೊಳೆಯ ಕಾಲದಲ್ಲಿ ಒಬ್ಬೊಬ್ಬ ಮೊಳೆ ತಯಾರಕನದು ಒಂದೊಂದು ಅಳತೆ. ಒಬ್ಬನ ಮೊಳೆ ಇನ್ನೊಬ್ಬನ ಮೊಳೆಯ ಪಕ್ಕ ಕೂರುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಫೂರ್ನಿಯೆ 1737ರಲ್ಲಿ ಒಂದು ಪಾಯಿಂಟ್ ಪದ್ಧತಿ ಹೊರತಂದ. ಅದೇ ಶತಮಾನದ ಕೊನೆಯ ಹೊತ್ತಿಗೆ ಡಿಡೊ ಅದನ್ನು ಅಲ್ಲಿಯ ರಾಜರ ಇಂಚಿಗೆ ಹೊಂದಿಸಿದ. ಆ ಇಂಚು ನಮ್ಮ ಇಂಚಿಗಿಂತ ದೊಡ್ಡದು, ಹಾಗಾಗಿ ಡಿಡೊ ಪಾಯಿಂಟ್ ಕೂಡ ದೊಡ್ಡದು, ಸುಮಾರು 0.376 ಮಿ.ಮೀ. ಅಮೆರಿಕದ ಮೊಳೆ ತಯಾರಕರು 1886ರಲ್ಲಿ ಒಟ್ಟಿಗೆ ಕೂತು ತಮ್ಮದೊಂದು ಪಾಯಿಂಟ್ ಒಪ್ಪಿಕೊಂಡರು, 0.013837 ಇಂಚು. ಇಂಚನ್ನು ಅದರಿಂದ ಭಾಗಿಸಿ ನೋಡು, 72.27 ಬರುತ್ತದೆ. ಡೊನಾಲ್ಡ್ ನೂತ್ 1970ರ ದಶಕದ ಕೊನೆಯಲ್ಲಿ ಟೆಕ್ ಶುರು ಮಾಡಿದಾಗ ಮುದ್ರಣದವರ ಆ ಲೆಕ್ಕವನ್ನೇ ಉಳಿಸಿಕೊಂಡರು. ಅಡೋಬಿಯವರು 1980ರ ದಶಕದಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಪುಟ ವಿವರಿಸುವ ಭಾಷೆ ಮಾಡುವಾಗ ಬಾಲ ಕತ್ತರಿಸಿ 72 ಮಾಡಿದರು. ಲೇಸರ್ ಪ್ರಿಂಟರ್, ಪೇಜ್‌ಮೇಕರ್ ಎಲ್ಲ ಅದೇ ದಾರಿ ಹಿಡಿದವು. ಇವತ್ತು ಬರೀ 'ಪಾಯಿಂಟ್' ಅಂದರೆ ಜನ ತಿಳಿಯುವುದು ಆ 72ನ್ನೇ.

ನಮ್ಮ ಪ್ರೆಸ್ಸಿನಲ್ಲಿ ಪೈಕಾ ಅಂತ ಯಾರೂ ಅಂದಿದ್ದು ನೆನಪಿಲ್ಲ. '22 ಎಮ್ ಅಗಲಕ್ಕೆ ಸ್ಟಿಕ್ ಕಟ್ಟು' ಅನ್ನುತ್ತಿದ್ದರು. ಸ್ಟಿಕ್ ಅಂದರೆ ಮೊಳೆ ಜೋಡಿಸುವ ಕೈಪಟ್ಟಿ. ಎಮ್ ಅಂದರೆ 12 ಪಾಯಿಂಟಿನ ಎಮ್, ಅದೇ ನಿಮ್ಮ ಪೈಕಾ.

ಸೂತ್ರಧಾರಿ

ಸ್ಪ್ರೆಡ್‌ಶೀಟ್ ವಿಷಯಕ್ಕೆ ಬರೋಣ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ಮೊದಲು ಮಾಡುವುದು ಜೋಡಿ ಜೋಡಿ ಸೂತ್ರ. ಮಿ.ಮೀ.ಯಿಂದ ಪಾಯಿಂಟಿಗೆ ಒಂದು ಕಾಲಮ್, ಪಾಯಿಂಟಿಂದ ಇಂಚಿಗೆ ಇನ್ನೊಂದು. ಹತ್ತು ಅಳತೆಗಳಿದ್ದರೆ 90 ಸೂತ್ರ ಬೇಕಾಗುತ್ತದೆ. ಒಂದರಲ್ಲಿ ತಪ್ಪಿದರೂ ಗೊತ್ತಾಗುವುದಿಲ್ಲ. ಅದರ ಬದಲು ಒಂದೇ ಅಳತೆಯನ್ನು ನಡುವೆ ಇಟ್ಟುಕೊಳ್ಳಿ. ನಾನು ಮಿ.ಮೀ. ಇಟ್ಟಿದ್ದೇನೆ. 'ಅಳತೆ' ಅಂತ ಒಂದು ಹಾಳೆ, ಎ ಕಾಲಮ್‌ನಲ್ಲಿ ಅಳತೆಯ ಹೆಸರು, ಬಿ ಕಾಲಮ್‌ನಲ್ಲಿ ಅದು ಎಷ್ಟು ಮಿ.ಮೀ. ಅನ್ನುವುದು (ಪಿಎಸ್ ಅಂದರೆ ಪೋಸ್ಟ್‌ಸ್ಕ್ರಿಪ್ಟ್):

ಇಂಚು: =25.4
ಪಿಎಸ್ ಪಾಯಿಂಟ್: =25.4/72
ಪಿಎಸ್ ಪೈಕಾ: =25.4/6
ಟೆಕ್ ಪಾಯಿಂಟ್: =25.4/72.27
ಡಿಡೊ: =25.4/72.27*1238/1157
ಸಿಸೆರೊ: ಡಿಡೊ ಸಾಲು *12
ವೆಬ್ ಪಿಕ್ಸೆಲ್: =25.4/96
ಟ್ವಿಪ್: =25.4/1440
ಟೆಕ್ ಎಸ್‌ಪಿ: =25.4/72.27/65536

ಮಿ.ಮೀ.ಗೆ 1, ಸೆಂ.ಮೀ.ಗೆ 10 ಅಂತ ನೀವೇ ಸೇರಿಸಿಕೊಳ್ಳಿ. ಡಿಡೊ ಸಾಲಿನ 1238/1157 ಟೆಕ್ ಇಟ್ಟುಕೊಂಡ ಭಿನ್ನರಾಶಿ, 1157 ಡಿಡೊ ಪಾಯಿಂಟ್ ಅಂದರೆ 1238 ಟೆಕ್ ಪಾಯಿಂಟ್.

ಬಿ ಕಾಲಮ್‌ನಲ್ಲಿ ಭಾಗಾಕಾರವನ್ನು ಹಾಗೇ ಬಿಟ್ಟಿರುವುದು ಬೇಕಂತಲೇ. ತುಂಬಾ ಜನ 0.35 ಅಂತ ಬರೆದುಬಿಡುತ್ತಾರೆ. 508 ಪಾಯಿಂಟನ್ನು 0.35ರಿಂದ ಗುಣಿಸಿದರೆ 177.8 ಮಿ.ಮೀ. ಬರುತ್ತದೆ. ನಿಜವಾದದ್ದು 179.21. ಒಂದೇ ಪುಟದಲ್ಲಿ 1.4 ಮಿ.ಮೀ. ಹೋಯಿತು. ದಶಮಾಂಶ ಕಡಿಮೆ ಮಾಡುವುದಿದ್ದರೆ ಕೊನೆಯ ಉತ್ತರದಲ್ಲಿ ಮಾಡಿ, ಅದೂ ತೋರಿಸುವುದಕ್ಕೆ ಮಾತ್ರ.

ಇನ್ನು ಬಳಸುವ ಹಾಳೆ. ಎ2ರಲ್ಲಿ ಅಂಕಿ, ಬಿ2ರಲ್ಲಿ ಯಾವುದರಿಂದ, ಸಿ2ರಲ್ಲಿ ಯಾವುದಕ್ಕೆ. ಡಿ2ರಲ್ಲಿ ಉತ್ತರ: ಎ2 ಗುಣಿಸು ಬಿ2ರ ಮಿ.ಮೀ. ಭಾಗಿಸು ಸಿ2ರ ಮಿ.ಮೀ. ಆ ಎರಡು ಮಿ.ಮೀ. ಅಂಕಿಗಳನ್ನು 'ಅಳತೆ' ಹಾಳೆಯಿಂದ ವಿ-ಲುಕಪ್ ತರುತ್ತದೆ. ವಿ-ಲುಕಪ್‌ನ ಕೊನೆಯಲ್ಲಿ 'ಫಾಲ್ಸ್' ಹಾಕುವುದು ಮರೆಯಬೇಡಿ. ಹಾಕದಿದ್ದರೆ ಅದು ಪಟ್ಟಿ ಅಕಾರಾದಿಯಲ್ಲಿದೆ ಅಂದುಕೊಂಡು ಹತ್ತಿರದ್ದೇನೋ ಒಂದನ್ನು ಹಿಡಿದು ತರುತ್ತದೆ. ದೋಷ ಅಂತಲೂ ತೋರಿಸುವುದಿಲ್ಲ.

ಕೆಳಗೆ ಪರೀಕ್ಷೆಗೆ ಒಂದಿಷ್ಟು ಸಾಲು ಇರಲಿ. 1 ಇಂಚಿಗೆ 72 ಪಿಎಸ್ ಪಾಯಿಂಟ್, 72.27 ಟೆಕ್ ಪಾಯಿಂಟ್, 6 ಪಿಎಸ್ ಪೈಕಾ, 96 ವೆಬ್ ಪಿಕ್ಸೆಲ್, 1440 ಟ್ವಿಪ್ ಬರಬೇಕು. ಎ4 ಹಾಳೆ, ಅಂದರೆ 210 × 297 ಮಿ.ಮೀ., ಪಿಎಸ್ ಪಾಯಿಂಟ್‌ನಲ್ಲಿ 595.276 × 841.890, ಟೆಕ್ ಪಾಯಿಂಟ್‌ನಲ್ಲಿ 597.508 × 845.047. ಇವು ಕೂಡಿದರೆ ಹಾಳೆ ಸರಿ ಇದೆ.

ಸುಮ್ನೆ_ಬಂದೆ

ಇಷ್ಟೆಲ್ಲ ಯಾಕೆ ಅಂತ? ಇನ್‌ಡಿಸೈನ್‌ನ ಯಾವ ಡಬ್ಬಿಯಲ್ಲಾದರೂ ಮಿ.ಮೀ. ಅಂತ ಟೈಪ್ ಮಾಡಿದರೆ ಅದೇ ಬದಲಾಯಿಸಿಕೊಳ್ಳುತ್ತದೆ. ಟೆಕ್ ಕೂಡ ಮಿ.ಮೀ. ತಿನ್ನುತ್ತದೆ. ಎಲ್ಲವನ್ನೂ ಮಿ.ಮೀ.ನಲ್ಲೇ ಕೊಟ್ಟರೆ ಮುಗೀತಲ್ಲ. ಎಕ್ಸೆಲ್‌ನಲ್ಲೇ ಕನ್ವರ್ಟ್ ಅನ್ನುವ ಫಂಕ್ಷನ್ ಬೇರೆ ಇದೆ.

ಸೂತ್ರಧಾರಿ

ಕನ್ವರ್ಟ್ ಫಂಕ್ಷನ್ ನಂಬಿಕೊಂಡು ಪುಸ್ತಕ ಮಾಡಬೇಡಿ. ಎಕ್ಸೆಲ್‌ನಲ್ಲಿ ಪೈಕಾ ಅನ್ನುವುದನ್ನು ದೊಡ್ಡ 'ಪಿ'ಯಿಂದ ಶುರು ಮಾಡಿದರೆ ಅದು ಇಂಚಿನ 1/72, ಅಂದರೆ ಪಾಯಿಂಟ್. ಸಣ್ಣ 'ಪಿ'ಯಿಂದ ಶುರು ಮಾಡಿದರೆ ಇಂಚಿನ 1/6, ಅಂದರೆ ನಿಜವಾದ ಪೈಕಾ. ಒಂದು ಅಕ್ಷರದ ದೊಡ್ಡದು ಸಣ್ಣದರಲ್ಲಿ ಉತ್ತರ ಹನ್ನೆರಡು ಪಟ್ಟು ಹೆಚ್ಚುಕಡಿಮೆ. ಹೋಗಲಿ ಅಂದರೆ ಟೆಕ್ ಪಾಯಿಂಟ್ ಅದರಲ್ಲಿ ಇಲ್ಲವೇ ಇಲ್ಲ.

ಮಿ.ಮೀ.ನಲ್ಲೇ ಕೊಡಿ ಅನ್ನುವ ಮಾತು ಅಂಚಿನ ಜಾಗಕ್ಕೆ, ಹಾಳೆಯ ಅಳತೆಗೆ ಸರಿ. ಆದರೆ ಸಾಲಿನ ಅಂತರ ಪಾಯಿಂಟ್‌ನಲ್ಲಿರುತ್ತದೆ, ಅಕ್ಷರದ ಗಾತ್ರವೂ. ಪುಟದಲ್ಲಿ ಎಷ್ಟು ಸಾಲು ಕೂರುತ್ತದೆ ಅನ್ನುವುದನ್ನು ಡಬ್ಬಿ ಹೇಳುವುದಿಲ್ಲ. ಅದಕ್ಕೇ ಹಾಳೆ ಬೇಕಾಗಿರುವುದು.

ಸಾಲುಸಾಲಾಗಿ

ಹೌದು. ನನಗೆ ಅಳತೆ ಬದಲಾಯಿಸುವುದಕ್ಕಿಂತ ಈ ಸಾಲಿನ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದಿದ್ದು. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಮುಖ್ಯ. 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಇಂಥ ಪದಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿಯುತ್ತದೆ. ಕೆಳಗಿನ ಸಾಲಿನಲ್ಲಿ ಅದೇ ಜಾಗದಲ್ಲಿ ಗುಡಿಸಿನ ಅಕ್ಷರ ಬಂದರೆ ಎರಡೂ ಮುಟ್ಟಿಕೊಳ್ಳುತ್ತವೆ. ಇಂಗ್ಲಿಷ್ ಪುಸ್ತಕದ 12ಕ್ಕೆ 14 ಅನ್ನುವ ರೂಢಿ ಇಲ್ಲಿ ಉಸಿರುಗಟ್ಟಿಸುತ್ತದೆ.

ನನ್ನ ಹಾಳೆಯ ಲೆಕ್ಕ ಹೀಗಿದೆ. ಅಕ್ಷರಕ್ಕೆ ಸಿಗುವ ಎತ್ತರ 180 ಮಿ.ಮೀ. ಅಂದುಕೊಳ್ಳಿ, ಅಂದರೆ 510.236 ಪಿಎಸ್ ಪಾಯಿಂಟ್. ಅದರಲ್ಲಿ ಮೊದಲ ಸಾಲಿನ 12 ಕಳೆಯಿರಿ. ಉಳಿದದ್ದನ್ನು ಸಾಲಿನ ಅಂತರದಿಂದ ಭಾಗಿಸಿ, ಪೂರ್ಣಾಂಕ ಮಾತ್ರ ಇಟ್ಟುಕೊಂಡು 1 ಕೂಡಿಸಿ. ಅಂತರ 16 ಆದರೆ 32 ಸಾಲು, 0.79 ಮಿ.ಮೀ. ಮಿಗುತ್ತದೆ. ಅಂತರ 17 ಆದರೆ 30 ಸಾಲು.

ಇದರ ಪಕ್ಕದಲ್ಲೇ ಫಾರಂ ಲೆಕ್ಕ ಇಟ್ಟಿದ್ದೇನೆ. ಫಾರಂ ಅಂದರೆ ಒಟ್ಟಿಗೆ ಅಚ್ಚಾಗಿ ಮಡಚಿ ಬರುವ ಪುಟಗಳ ಕಟ್ಟು. ಪುಟಕ್ಕೆ 32 ಸಾಲಿನಂತೆ 160 ಪುಟದ ಪುಸ್ತಕ ಅಂದರೆ 5120 ಸಾಲು, 16 ಪುಟದ 10 ಫಾರಂ. 30 ಸಾಲಿಗೆ ಇಳಿದರೆ ಅದೇ ಪಠ್ಯ 171 ಪುಟ ಆಗುತ್ತದೆ. 11 ಫಾರಂ ಬೇಕು, ಕೊನೆಯಲ್ಲಿ 5 ಪುಟ ಖಾಲಿ. ಒಂದು ಪಾಯಿಂಟ್ ಸಡಿಲ ಮಾಡಿದ್ದಕ್ಕೆ ಒಂದು ಫಾರಮ್ಮಿನ ಕಾಗದ, ಒಂದು ಫಾರಮ್ಮಿನ ಮುದ್ರಣ. 'ಸಾಲು ಸ್ವಲ್ಪ ಬಿಡಿಬಿಡಿಯಾಗಿರಲಿ' ಅನ್ನುವ ಪ್ರಕಾಶಕರಿಗೆ ನಾನು ಈ ಕಾಲಮ್ ತೋರಿಸುತ್ತೇನೆ. ಕೆಲವರು ಆಗ 16.5 ಸಾಕು ಅನ್ನುತ್ತಾರೆ. 16.5ಕ್ಕೆ 31 ಸಾಲು, 166 ಪುಟ, ಅಂದರೆ ಮತ್ತೆ 11 ಫಾರಮ್ಮೇ! ಆ 6 ಪುಟಗಳನ್ನು ಎಲ್ಲಿಂದಾದರೂ ಉಳಿಸಬಹುದಾ ಅಂತ ಮಾತು ಮುಂದುವರಿಯುತ್ತದೆ. ಅಂಚು ತುಸು ಕಡಿಮೆ ಮಾಡಿ ಒಂದು ಸಾಲು ಗಿಟ್ಟಿಸುವುದೇ ಸಾಮಾನ್ಯವಾಗಿ ಆಗುವ ರಾಜಿ.

ಅಧ್ಯಾಯಗಳು ಹೊಸ ಪುಟದಲ್ಲಿ ಶುರುವಾಗುವುದರಿಂದ ನಿಜವಾದ ಪುಟಸಂಖ್ಯೆ ಇದಕ್ಕಿಂತ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಅಂದಾಜಿಗೆ ಇಷ್ಟು ಸಾಕು.

ಹಳೇ ಕಂಪೋಸಿಟರ್

ಸರಿಯಾಗಿ ಹೇಳಿದೆ. ನಮ್ಮ ಕಾಲದಲ್ಲಿ ಸಾಲುಗಳ ನಡುವೆ ಲೆಡ್ ಹಾಕುತ್ತಿದ್ದೆವು, ತೆಳ್ಳಗಿನ ಸೀಸದ ಪಟ್ಟಿ. ಎರಡು ಪಾಯಿಂಟಿನದು ಇರುತ್ತಿತ್ತು. ಅರ್ಧ ಪಾಯಿಂಟ್ ಬೇಕು ಅಂದರೆ ಎಲ್ಲಿಂದ ತರುವುದು? ಕಾಗದ ಕತ್ತರಿಸಿ ತುರುಕಬೇಕಿತ್ತು.

ಹುಬ್ಬಳ್ಳಿ ಡಿಟಿಪಿ

ಈ ಹಾಳೆ ಮಾಡುವವರಿಗೆ ಒಂದು ಎಚ್ಚರಿಕೆ. ಪುಸ್ತಕದ ಅಳತೆಯ ಕಾಲಮ್‌ನಲ್ಲಿ 1/8 ಅಂತ ಹಾಕಿ ಎಂಟರ್ ಒತ್ತಿದರೆ ಎಕ್ಸೆಲ್ ಅದನ್ನು ಆಗಸ್ಟ್ 1 ಮಾಡುತ್ತದೆ. 10/12 ಅಂತ ಅಕ್ಷರ-ಅಂತರ ಬರೆದರೆ ಡಿಸೆಂಬರ್ 10. ನೋಡೋಕೆ ನಗು ಬರುತ್ತದೆ. ಆದರೆ ಒಳಗೆ ಅದು ದೊಡ್ಡದೊಂದು ದಿನಸಂಖ್ಯೆ ಆಗಿ ಕೂತಿರುತ್ತದೆ. ಸೂತ್ರ ಅದನ್ನೇ ಗುಣಿಸಿ ಪುಟದ ಎತ್ತರ ಹದಿನೈದು ಮೀಟರ್ ಅಂತ ಹೇಳಿದರೂ ಆಶ್ಚರ್ಯ ಇಲ್ಲ. ಆ ಕಾಲಮ್ಮನ್ನು ಮೊದಲೇ 'ಟೆಕ್ಸ್ಟ್' ಮಾಡಿಬಿಡ್ರಿ. ಅಕ್ಷರಕ್ಕೆ ಒಂದು ಕಾಲಮ್, ಅಂತರಕ್ಕೆ ಒಂದು ಕಾಲಮ್ ಮಾಡಿದರೆ ಇನ್ನೂ ಚಲೋ.

ಪುಟವಿನ್ಯಾಸಿ

ಸೂತ್ರಧಾರಿ ಅವರು ಹೇಳಿದಂತೆ ಹಾಳೆ ಮಾಡಿದೆ. ಹೆಚ್ಚಿನ ಸಾಲುಗಳು ಸರಿ ಬರುತ್ತಿವೆ. 'ಟೆಕ್ ಪಾಯಿಂಟ್' ಅಂತ ಹಾಕಿದರೆ ಮಾತ್ರ ಕೆಲವು ಸಲ 'ಸಿಗಲಿಲ್ಲ' ಅನ್ನುವ ದೋಷ. ಕಣ್ಣಿಗೆ ಎರಡೂ ಒಂದೇ ಹೆಸರು.

ಸೂತ್ರಧಾರಿ

ಒಂದು ಕಡೆ ಒಂದು ಕೀಬೋರ್ಡ್‌ನಲ್ಲಿ, ಇನ್ನೊಂದು ಕಡೆ ಬೇರೆ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದೀರಿ ಅಲ್ವಾ? 'ಪಾಯಿಂಟ್' ಪದದ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಸೇರಿಕೊಂಡಿರಬಹುದು. ಜೋಡಣೆ ತಡೆಯುವುದಕ್ಕೆ ಇರುವುದು ಅದು, ಸೊನ್ನೆ ಅಗಲದ್ದು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಲುಕಪ್ ಎರಡನ್ನೂ ಬೇರೆ ಅಂತಲೇ ಎಣಿಸುತ್ತದೆ. 'ಲೆನ್' ಫಂಕ್ಷನ್ ಹಾಕಿ ಎರಡರ ಉದ್ದ ನೋಡಿ, ಒಂದರ ವ್ಯತ್ಯಾಸ ಬಂದರೆ ಇದೇ ಕಾರಣ.

ಹೆಸರನ್ನು ಟೈಪ್ ಮಾಡಲೇಬೇಡಿ. ಡೇಟಾ ವ್ಯಾಲಿಡೇಷನ್‌ನಲ್ಲಿ 'ಲಿಸ್ಟ್' ಆರಿಸಿ 'ಅಳತೆ' ಹಾಳೆಯ ಎ ಕಾಲಮ್ ತೋರಿಸಿದರೆ ಇಳಿಪಟ್ಟಿ ಬರುತ್ತದೆ. ಅಲ್ಲಿಂದ ಆರಿಸಿಕೊಂಡರೆ ಈ ಕಿರಿಕಿರಿ ಇಲ್ಲ.

ಅಕ್ಷರಮೋಹಿ

ಒಂದು ವಿಷಯ ಬಿಟ್ಟುಹೋಗಿದೆ. 12 ಪಾಯಿಂಟ್ ಅಂದಾಕ್ಷಣ ಅಕ್ಷರ 12 ಪಾಯಿಂಟ್ ಎತ್ತರ ಇರುವುದಿಲ್ಲ. ಅದು ಅಕ್ಷರ ಕೂರುವ ಚೌಕದ ಅಳತೆ. ಚೌಕದೊಳಗೆ ಅಕ್ಷರ ಎಷ್ಟು ದೊಡ್ಡದು ಅನ್ನುವುದು ಫಾಂಟ್ ಮಾಡಿದವರ ಇಷ್ಟ. ನೋಟೊ ಸೆರಿಫ್ ಕನ್ನಡದ 12, ತುಂಗಾದ 12, ಕೇದಗೆಯ 12 ಪಕ್ಕಪಕ್ಕ ಇಟ್ಟು ನೋಡಿ. ನುಡಿ, ಬರಹದ ಹಳೇ ಕಡತಗಳನ್ನು ಯೂನಿಕೋಡಿಗೆ ತಂದಾಗ ಪುಟಗಳ ಸಂಖ್ಯೆ ಏರುಪೇರಾಗುವುದಕ್ಕೆ ಇದೂ ಒಂದು ಕಾರಣ.

ಇದಕ್ಕೂ ಹಾಳೆಯಲ್ಲಿ ಎರಡು ಕಾಲಮ್ ಸೇರಿಸಬಹುದು. ಫಾಂಟ್‌ಫೋರ್ಜ್‌ನಲ್ಲಿ ಫಾಂಟ್ ತೆರೆದು, ಒತ್ತು ಗುಡಿಸು ಇಲ್ಲದ 'ಗ' ಅಥವಾ 'ದ' ಎಷ್ಟು ಯೂನಿಟ್ ಎತ್ತರ ಅಂತ ನೋಡಿ. ಚೌಕ ಒಟ್ಟು ಎಷ್ಟು ಯೂನಿಟ್ ಅನ್ನುವುದೂ ಅಲ್ಲೇ ಸಿಗುತ್ತದೆ, ಸಾಮಾನ್ಯವಾಗಿ 1000 ಅಥವಾ 2048. ಉದಾಹರಣೆಗೆ ಮೊದಲ ಫಾಂಟ್‌ನಲ್ಲಿ 1000ಕ್ಕೆ 600 ಇದ್ದರೆ, 12 ಪಾಯಿಂಟ್‌ನಲ್ಲಿ ಅಕ್ಷರ 7.2 ಪಾಯಿಂಟ್, ಅಂದರೆ 2.54 ಮಿ.ಮೀ. ಎರಡನೆಯದರಲ್ಲಿ 2048ಕ್ಕೆ 1024 ಇದ್ದರೆ 6 ಪಾಯಿಂಟ್ ಮಾತ್ರ. ಎರಡನೆಯದನ್ನು ಮೊದಲಿನದಕ್ಕೆ ಸಮ ಮಾಡಬೇಕಾದರೆ 14.4 ಪಾಯಿಂಟ್ ಹಾಕಬೇಕು. ಟೆಕ್‌ನ 72.27ರ ವ್ಯತ್ಯಾಸ ನೂರಕ್ಕೆ ಅರ್ಧ ಕೂಡ ಇಲ್ಲ. ಫಾಂಟ್ ಬದಲಾದರೆ ನೂರಕ್ಕೆ 20 ಬದಲಾಗಬಹುದು. ಹಾಗಾಗಿ 'ಈ ಮಾಲೆಗೆ 12 ಪಾಯಿಂಟ್' ಅಂತ ಪ್ರಕಾಶಕರು ಬರೆದುಕೊಟ್ಟರೆ ನಾನು ಮೊದಲು ಕೇಳುವುದು ಯಾವ ಫಾಂಟಿನ 12 ಅಂತ.

ಸುಮ್ನೆ_ಬಂದೆ

ಸರಿ ಮಾರಾಯ್ರೆ, ಸೋತೆ. ನನಗೂ ಒಂದು ಹಾಳೆ ಬೇಕು. ಆದರೆ ನಮ್ಮ ಡಿಸೈನರ್ ಅಳತೆಯನ್ನು 26ಪಿ6 ಅಂತ ಕಳಿಸುತ್ತಾರೆ, 26 ಪೈಕಾ 6 ಪಾಯಿಂಟ್ ಅಂತೆ. ಅದನ್ನು ಹಾಳೆ ಓದುತ್ತದಾ?

ಸೂತ್ರಧಾರಿ

ಓದಿಸಬಹುದು. ನಡುವಿನ 'ಪಿ' ಎಲ್ಲಿದೆ ಅಂತ 'ಸರ್ಚ್' ಫಂಕ್ಷನ್‌ನಿಂದ ಹುಡುಕಿ. 'ಫೈಂಡ್' ಬೇಡ, ಅದು ದೊಡ್ಡಕ್ಷರ ಸಣ್ಣಕ್ಷರ ಬೇರೆ ಮಾಡುತ್ತದೆ. 'ಲೆಫ್ಟ್' ಬಳಸಿ ಅದರ ಎಡಗಡೆಯದನ್ನು ತೆಗೆದು 12ರಿಂದ ಗುಣಿಸಿ, 'ಮಿಡ್' ಬಳಸಿ ಬಲಗಡೆಯದನ್ನು ತೆಗೆದು ಕೂಡಿಸಿ. 26ಪಿ6 ಅಂದರೆ 318 ಪಾಯಿಂಟ್ ಬರಬೇಕು. ಕೆಲವರು 26ಪಿ ಅಂತ ಅಷ್ಟೇ ಬರೆಯುತ್ತಾರೆ, ಇನ್ನು ಕೆಲವರು ಪಿ6. ಆಗ ಒಂದು ಕಡೆ ಖಾಲಿ ಇರುವುದರಿಂದ ದೋಷ ಬರುತ್ತದೆ. ಗುಣಿಸುವ, ಕೂಡಿಸುವ ಮೊದಲು ಎರಡೂ ತುಂಡುಗಳ ಮುಂದೆ ಒಂದೊಂದು ಸೊನ್ನೆ ಅಂಟಿಸಿ. 06 ಅಂದರೂ 6ನೇ, ಬರೀ 0 ಅಂದರೆ ಸೊನ್ನೆ.

ಬ್ಯಾಕ್‌ಸ್ಲ್ಯಾಶ್

ಹಾಳೆಯಲ್ಲೇ ಇನ್ನೊಂದು ಕಾಲಮ್ ಮಾಡಿ ಉತ್ತರದ ಕೊನೆಗೆ 'ಬಿಪಿ' ಅಂಟಿಸಿಬಿಟ್ಟರೆ ಟೆಕ್ ಕಡತಕ್ಕೆ ನೇರ ಕಾಪಿ ಮಾಡಬಹುದು. ದಶಮಾಂಶ ಮೂರು ಸ್ಥಾನ ಸಾಕು. ಟೆಕ್ ಒಳಗೆ ಎಲ್ಲವನ್ನೂ ಪಾಯಿಂಟಿನ 1/65536 ಭಾಗದಲ್ಲಿ ಲೆಕ್ಕ ಇಡುತ್ತದೆ. ಆ ಒಂದು ಭಾಗ ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ಸಣ್ಣದು, ಮುದ್ರಣದಲ್ಲಿ ಕಾಣುವ ಮಾತೇ ಇಲ್ಲ.

ಪುಟವಿನ್ಯಾಸಿ

ಇಳಿಪಟ್ಟಿ ಹಾಕಿದ ಮೇಲೆ ದೋಷ ಹೋಯಿತು. ಲೆನ್‌ನಲ್ಲಿ ನಿಜವಾಗಿಯೂ ಒಂದರ ವ್ಯತ್ಯಾಸ ಇತ್ತು. ಸಾಲುಸಾಲಾಗಿ ಅವರ ಫಾರಂ ಲೆಕ್ಕವನ್ನೂ ಸೇರಿಸಿದ್ದೇನೆ. ಎರಡನೆಯ ಪುಸ್ತಕ 16 ಪಾಯಿಂಟ್‌ನಲ್ಲಿ 13 ಫಾರಂ ದಾಟಿ ಮೂರು ಪುಟ ಹೊರಗೆ ಬಿದ್ದಿದೆ. ಅಡಿಟಿಪ್ಪಣಿಯ ಅಂತರ ಈಗ 13 ಇದೆ, 12.5 ಮಾಡಿದರೆ ಒಳಗೆ ಬರುತ್ತದಾ ನೋಡಬೇಕು.

ಸಾಲುಸಾಲಾಗಿ

ಅಡಿಟಿಪ್ಪಣಿಯಲ್ಲಿ ಸಂಸ್ಕೃತ ಶ್ಲೋಕ, ಶಾಸನದ ಸಾಲು ಇದ್ದರೆ 12.5ಕ್ಕೆ ಇಳಿಸಬೇಡಿ, ಒತ್ತುಗಳು ಅಲ್ಲೇ ಜಾಸ್ತಿ ಇರುತ್ತವೆ. ಮೊದಲು ಪರಿವಿಡಿ, ಅರ್ಪಣೆ, ಮುನ್ನುಡಿಯ ಖಾಲಿ ಪುಟಗಳನ್ನು ಎಣಿಸಿ. ಮೂರು ಪುಟ ಅಲ್ಲೇ ಸಿಗಬಹುದು.